ಎಳೆಯ ಮಕ್ಕಳ ಮೈಗೆ ಸೀಸ ಎಲ್ಲಿಂದ ಬರುತ್ತದೆ? – ಮೂಲವನ್ನು ಪತ್ತೆ ಮಾಡುವ ಬಗೆ

ಬೇಸಾಯ ಶಾಸ್ತ್ರವನ್ನು ಪಾಠ ಹೇಳುವವನಿಗೆ ಮಕ್ಕಳ ಆರೋಗ್ಯದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮಂಗಳೂರು ನಗರದ ಅಂಚಿನ ಒಂದು ಊರಿನಲ್ಲಿ ಮಣ್ಣು ಪರೀಕ್ಷೆಯ ತರಬೇತಿ ನಡೆಸಿದ್ದೆವು. ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ತಾಯಿ ಕಾಗದದ ಪೊಟ್ಟಣವೊಂದನ್ನು ನನ್ನ ಕೈಗಿತ್ತರು. ಅದರೊಳಗೆ ಅವರ ಅಂಗಳದ ಮಣ್ಣು ಇತ್ತು. ಎರಡೂವರೆ ವರ್ಷದ ಮಗು ಮಣ್ಣು ತಿನ್ನುತ್ತದೆ, ಆಗಾಗ ಹೊಟ್ಟೆನೋವು, ಮಲಬದ್ಧತೆ, ಸಿಡಿಮಿಡಿ. ಆಸ್ಪತ್ರೆಯಲ್ಲಿ ನೋಡಿಸಿದಾಗ ರಕ್ತ ಕಡಿಮೆ ಇದೆ, ರಕ್ತದಲ್ಲಿ ಸೀಸವೂ ಹೆಚ್ಚಾಗಿದೆ ಎಂದು ವೈದ್ಯರು ತಿಳಿಸಿದ್ದರು. “ಸೀಸ ಎಲ್ಲಿಂದ ಬರುತ್ತದೆಂದು ಹುಡುಕಿ ಎಂದಿದ್ದಾರೆ. ಈ ಮಣ್ಣಿನಲ್ಲಿದೆಯೇ ನೋಡಿ ಹೇಳಿ” ಎಂಬುದು ಆ ತಾಯಿಯ ಬೇಡಿಕೆ.

ಮನೆ ಹೆದ್ದಾರಿಯ ಪಕ್ಕದಲ್ಲಿತ್ತು. ನಾನು ಹೆಚ್ಚು ಯೋಚಿಸಲಿಲ್ಲ. ರಸ್ತೆ ಬದಿಯ ಮಣ್ಣೇ ಕಾರಣವೆಂದು ತೀರ್ಮಾನಿಸಿ, ಮಗುವನ್ನು ಅಂಗಳಕ್ಕೆ ಬಿಡಬೇಡಿ, ಬಾವಿಕಟ್ಟೆಯ ಬಳಿಯ ಬಸಳೆ ಚಪ್ಪರವನ್ನು ಕಿತ್ತುಬಿಡಿ ಎಂದು ಹೇಳಿ ಬಂದೆ. ಆಕೆ ಹಾಗೆಯೇ ಮಾಡಿದರು. ಎರಡು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಸೀಸ ಇಳಿದಿರಲಿಲ್ಲ. ಚಪ್ಪರವೂ ಹೋಯಿತು, ಎರಡು ತಿಂಗಳೂ ಹೋದವು. ಆ ಮಗುವಿನ ಸೀಸ ಎಲ್ಲಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ನನ್ನ ಆ ತಪ್ಪು ಇನ್ನೊಬ್ಬರಿಂದ ಆಗದಿರಲೆಂದು ಈ ಲೇಖನ.

ಸೀಸ ಎಂದರೇನು?

ಸೀಸ ಬೂದುಬಣ್ಣದ, ಮೆತ್ತನೆಯ, ಬಹು ಭಾರವಾದ ಲೋಹ. ನೀರಿಗಿಂತ 11 ಪಟ್ಟು ಭಾರ. 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವುದರಿಂದ ಮನೆಯ ಒಲೆಯ ಮೇಲೂ ಇದನ್ನು ಕರಗಿಸಬಹುದು. ತುಕ್ಕು ಹಿಡಿಯುವುದಿಲ್ಲ, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಈ ಗುಣಗಳಿಂದಲೇ ಇದು ಬ್ಯಾಟರಿ, ಬಣ್ಣ, ಬೆಸುಗೆ, ಬಲೆಯ ಗುಂಡು, ಕೋವಿಯ ಚರೆ ಹೀಗೆ ನೂರು ಕಡೆ ಬಳಕೆಗೆ ಬಂದಿದೆ.

ಕಬ್ಬಿಣ, ಸತು, ತಾಮ್ರಗಳು ಸ್ವಲ್ಪ ಪ್ರಮಾಣದಲ್ಲಿ ಗಿಡಕ್ಕೂ ಬೇಕು, ನಮಗೂ ಬೇಕು. ಸೀಸ ಮಾತ್ರ ಯಾರಿಗೂ ಬೇಡವಾದದ್ದು. ದೇಹದಲ್ಲಿ ಅದಕ್ಕೆ ಒಂದೇ ಒಂದು ಉಪಯೋಗವೂ ಇಲ್ಲ. ಇಷ್ಟರವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಮಕ್ಕಳಿಗೇ ಏಕೆ ಹೆಚ್ಚು ಅಪಾಯ?

ಇದಕ್ಕೆ ನಾಲ್ಕು ಕಾರಣಗಳಿವೆ.

1. ಮಗು ನೆಲದ ಮೇಲೆ ಬೆಳೆಯುತ್ತದೆ. ಅಂಬೆಗಾಲಿಡುವ ಕೂಸಿನ ಕೈ ದಿನಕ್ಕೆ ನೂರಾರು ಬಾರಿ ನೆಲಕ್ಕೂ ಬಾಯಿಗೂ ಓಡಾಡುತ್ತದೆ. ಧೂಳು ಇಳಿಯುವುದು ನೆಲಕ್ಕೇ.

2. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಹೀರುವುದಕ್ಕಿಂತ ಮಗುವಿನ ಕರುಳು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ.

3. ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿರುವ ದೇಹ ಸೀಸವನ್ನು ಇನ್ನೂ ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಪೋಷಕಾಂಶ ಕೊರತೆಯ ಗಿಡಕ್ಕೆ ರೋಗ ಬೇಗ ತಗಲುವಂತೆಯೇ ಇದು. ರಕ್ತಹೀನತೆಯಿರುವ ಮಕ್ಕಳು ಮಣ್ಣು ತಿನ್ನುವುದೂ ಹೆಚ್ಚು. ಒಂದು ಕೊರತೆ ಎರಡು ದಾರಿಯಿಂದ ಸೀಸವನ್ನು ಒಳಗೆ ತರುತ್ತದೆ.

4. ಮೊದಲ ಐದು ವರ್ಷಗಳಲ್ಲಿ ಮಿದುಳು ಕಟ್ಟಿಕೊಳ್ಳುತ್ತಿರುತ್ತದೆ. ಆಗ ಆದ ಹಾನಿ ಮುಂದೆ ಕಲಿಕೆಯಲ್ಲಿ, ಗಮನದಲ್ಲಿ, ನಡತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಪೂರ್ತಿಯಾಗಿ ಸರಿಪಡಿಸುವ ಔಷಧವಿಲ್ಲ.

ಬಹುಪಾಲು ಮಕ್ಕಳಲ್ಲಿ ಹೊರಗೆ ಯಾವ ಚಿಹ್ನೆಯೂ ಕಾಣುವುದಿಲ್ಲ. ಹೊಟ್ಟೆನೋವು, ವಾಂತಿ, ಸೆಟೆತ ಬರುವ ಹೊತ್ತಿಗೆ ಸೀಸ ಬಹಳ ಏರಿರುತ್ತದೆ. ರಕ್ತದಿಂದ ಅದು ಎಲುಬಿಗೆ ಸೇರಿ ಹಲವಾರು ವರ್ಷ ಅಲ್ಲಿಯೇ ಕುಳಿತಿರುತ್ತದೆ. ತಾಯಿಯ ಎಲುಬಿನಲ್ಲಿದ್ದ ಸೀಸ ಬಸಿರಿನಲ್ಲಿ ಶಿಶುವಿಗೂ ಹೋಗುತ್ತದೆ.

ಎಷ್ಟು ಎಂದರೆ ಹೆಚ್ಚು?

ರಕ್ತದ ಸೀಸವನ್ನು ಒಂದು ಡೆಸಿಲೀಟರಿಗೆ, ಅಂದರೆ 100 ಮಿ.ಲೀ. ರಕ್ತಕ್ಕೆ, ಇಷ್ಟು ಮೈಕ್ರೋಗ್ರಾಂ ಎಂದು ಹೇಳುವುದು ರೂಢಿ. ಒಂದು ಗ್ರಾಮಿನಲ್ಲಿ ಹತ್ತು ಲಕ್ಷ ಮೈಕ್ರೋಗ್ರಾಂಗಳಿವೆ. ಹಿಂದೆ 10 ಮೈಕ್ರೋಗ್ರಾಂ ದಾಟಿದರೆ ಕಾಳಜಿ ಮಾಡಬೇಕು ಎನ್ನುತ್ತಿದ್ದರು. 2021ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ 5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸೀಸದ ಮೂಲವನ್ನು ಹುಡುಕಿ ತೆಗೆಯತಕ್ಕದ್ದು.

ಇದು ಎಷ್ಟು ಸಣ್ಣ ಪ್ರಮಾಣವೆಂಬುದನ್ನು ಲೆಕ್ಕ ಹಾಕಿ ನೋಡೋಣ. 12 ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು 900 ಮಿ.ಲೀ. ರಕ್ತವಿರುತ್ತದೆ. ಡೆಸಿಲೀಟರಿಗೆ 5ರಂತೆ ಆ ರಕ್ತದಲ್ಲಿರುವ ಒಟ್ಟು ಸೀಸ 45 ಮೈಕ್ರೋಗ್ರಾಂ ಮಾತ್ರ. ಇನ್ನು ಶೇಕಡಾ 1ರಷ್ಟು ಸೀಸವಿರುವ ಹಳೆಯ ಬಣ್ಣದ ಒಂದು ಗ್ರಾಂ ಚಕ್ಕೆಯಲ್ಲಿ 10,000 ಮೈಕ್ರೋಗ್ರಾಂ ಸೀಸವಿದೆ. ಉಗುರಿನಷ್ಟು ಬಣ್ಣದ ಚಕ್ಕೆ ಒಂದು ಮಗುವಿಗೆ ಎಷ್ಟು ಹೊರೆಯೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ನಾಡಿನಲ್ಲಿ ನಡೆದ ಕೆಲಸ

ಸೀಸದ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಕೆಲಸ ಬಹುಮಟ್ಟಿಗೆ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೇಶದ ಏಳು ನಗರಗಳಲ್ಲಿ ಸಾವಿರಾರು ಮಕ್ಕಳ ರಕ್ತವನ್ನು ಪರೀಕ್ಷಿಸಿತು. 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. 1999ರಲ್ಲಿ ಬೆಂಗಳೂರಿನಲ್ಲಿ ಈ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು. 2000ದಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತುಹೋಯಿತು. ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಕ್ಕಾಗಿಯೇ ರಾಷ್ಟ್ರೀಯ ಕೇಂದ್ರವನ್ನು ಬೆಳೆಸಿದ ಡಾ. ತುಪ್ಪಿಲ್ ವೆಂಕಟೇಶ್ ಅವರ ಹೆಸರನ್ನು ಇಲ್ಲಿ ನೆನೆಯಬೇಕು.

ಮಂಗಳೂರಿನ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ಡಾ. ವೆಂಕಟೇಶ್ ಮೊದಲಾದವರೊಡನೆ ಸೇರಿ, ರಕ್ತದಲ್ಲಿ ಸೀಸ ಏರಿದ್ದ ಮಕ್ಕಳ ಪರಿಸರಕ್ಕೇ ಒಂದು ಉಪಕರಣವನ್ನು ಹೊತ್ತೊಯ್ದು ಪರೀಕ್ಷಿಸಿದರು. ಆ ವರದಿ 2004ರಲ್ಲಿ ಭಾರತೀಯ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕೈಯಲ್ಲಿ ಹಿಡಿಯಬಹುದಾದ ಈ ಉಪಕರಣ ಗೋಡೆ, ಆಟಿಕೆ, ಪಾತ್ರೆ, ಮಣ್ಣಿನ ಮೇಲೆ ಎಕ್ಸ್ ಕಿರಣ ಬೀರುತ್ತದೆ. ಕಿರಣ ತಾಗಿದ ಪ್ರತಿಯೊಂದು ಲೋಹವೂ ತನ್ನದೇ ಆದ ಗುರುತಿನ ಕಿರಣವನ್ನು ಹಿಂದಕ್ಕೆ ಹೊಮ್ಮಿಸುತ್ತದೆ. ಅದನ್ನು ಅಳೆದು ಸೀಸ ಎಷ್ಟಿದೆಯೆಂದು ಸ್ವಲ್ಪ ಹೊತ್ತಿನಲ್ಲೇ ಹೇಳಬಹುದು. ಕೆರೆಯುವುದು, ಒಡೆಯುವುದು ಬೇಕಿಲ್ಲ.

ಇಂಥ ಉಪಕರಣ ಎಲ್ಲ ಊರಿಗೂ ಬರಲಾರದು. ಆದರೆ ಅದರ ಹಿಂದಿನ ವಿಚಾರ ಎಲ್ಲರಿಗೂ ಬರಬೇಕು. ರಕ್ತ ಪರೀಕ್ಷೆ ಸೀಸ ಇದೆಯೆಂದು ಹೇಳುತ್ತದೆ, ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಅದನ್ನು ಮಗು ಇರುವಲ್ಲಿಗೇ ಹೋಗಿ ಹುಡುಕಬೇಕು. ಮೂಲ ಉಳಿದರೆ ಔಷಧದಿಂದ ಇಳಿದ ಸೀಸ ಮತ್ತೆ ಏರುತ್ತದೆ.

ಸೀಸ ಅಡಗಿರುವ ತಾಣಗಳು

ಕರಾವಳಿಯ ಮನೆ, ತೋಟ, ಧಕ್ಕೆಗಳನ್ನು ಮನಸ್ಸಿನಲ್ಲಿಟ್ಟು ಮುಖ್ಯವಾದವುಗಳನ್ನು ಇಲ್ಲಿ ಕೊಟ್ಟಿದೆ.

1. ಬ್ಯಾಟರಿ: ಇಂದು ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುಪಾಲು ವಾಹನ ಮತ್ತು ಇನ್‌ವರ್ಟರ್ ಬ್ಯಾಟರಿಗಳಲ್ಲಿದೆ. ರೈತರ ಮನೆಯಲ್ಲಿ ಟ್ರಾಕ್ಟರಿನದು, ಇನ್‌ವರ್ಟರಿನದು, ಆನೆ–ಹಂದಿಗಳನ್ನು ತಡೆಯುವ ಸೌರಬೇಲಿಯದು ಎಂದು ಎರಡು ಮೂರು ಬ್ಯಾಟರಿಗಳು ಇರುತ್ತವೆ. ಮುಚ್ಚಿದ ಬ್ಯಾಟರಿಯಿಂದ ಭಯವಿಲ್ಲ. ಅದನ್ನು ಒಡೆದಾಗ, ಫಲಕ ತೆಗೆದಾಗ, ಸೀಸ ಕರಗಿಸಿದಾಗ ಧೂಳು ಮತ್ತು ಹೊಗೆ ಏಳುತ್ತವೆ. ಹಳೆಯ ಬ್ಯಾಟರಿಯನ್ನು ಬಿಡಿ ಗುಜರಿಯವನಿಗೆ ಕೊಡದೆ ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂತಿರುಗಿಸಬೇಕು. 2001ರಿಂದಲೂ ಇದಕ್ಕೆ ನಿಯಮವಿದೆ. 2022ರ ನಿಯಮ ಈ ಜವಾಬ್ದಾರಿಯನ್ನು ತಯಾರಕರ ಮೇಲೆ ಇನ್ನೂ ಬಿಗಿಯಾಗಿ ಹೊರಿಸಿದೆ.

2. ಬಣ್ಣ: ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ಕೇಂದ್ರ ಸರಕಾರದ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಅದಕ್ಕೆ ಹಿಂದೆ ಬಳಿದ ಎಣ್ಣೆಬಣ್ಣವನ್ನು, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು, ಹಸಿರುಗಳನ್ನು, ಸಂಶಯದಿಂದಲೇ ನೋಡತಕ್ಕದ್ದು. ಕಿಟಕಿ, ಬಾಗಿಲ ದಾರಂದ, ತೊಟ್ಟಿಲು, ಕಬ್ಬಿಣದ ಗೇಟು ಇವು ಮುಖ್ಯ ತಾಣಗಳು. ಕರಾವಳಿಯ ತೇವ ಮತ್ತು ಉಪ್ಪುಗಾಳಿಗೆ ಬಣ್ಣ ಬೇಗ ಎದ್ದು ಚಕ್ಕೆಯಾಗುತ್ತದೆ. ಗೇಟಿಗೂ ದೋಣಿಯ ಕಬ್ಬಿಣಕ್ಕೂ ಹಿಂದೆ ತುಕ್ಕು ತಡೆಯಲು ಮೊದಲ ಲೇಪವಾಗಿ ಹಚ್ಚುತ್ತಿದ್ದ ಕಿತ್ತಳೆಗೆಂಪು ಸಿಂಧೂರದ ಬಣ್ಣ ಸೀಸದ ಆಕ್ಸೈಡೇ ಆಗಿದೆ. ಆದರೆ ನಮ್ಮ ಮನೆಗಳ ನುಣುಪಾದ ಕೆಂಪು ಕಾವಿ ನೆಲಕ್ಕೆ ಹೆದರಬೇಕಾಗಿಲ್ಲ. ಕಾವಿ ಕಬ್ಬಿಣದ ಆಕ್ಸೈಡು.

3. ಬಲೆಯ ಗುಂಡು, ಕೋವಿಯ ಚರೆ: ಬೀಸುಬಲೆಯ ಅಂಚಿಗೆ ಪೋಣಿಸುವ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ಯುವ ರೂಢಿ ಕೆಲವೆಡೆ ಇದೆ. ಬೆಳೆ ರಕ್ಷಣೆಯ ಕೋವಿಗೆ ಚರೆ ಮಾಡುವುದೂ ಹೀಗೆಯೇ. ಅಡುಗೆ ಒಲೆಯ ಮೇಲೆ ಸೀಸ ಕರಗಿಸುವುದನ್ನು ಇಂದೇ ನಿಲ್ಲಿಸಿ. ಬಲೆ ಸರಿಪಡಿಸುವಾಗ ಗುಂಡನ್ನು ಹಲ್ಲಿನಿಂದ ಕಚ್ಚಬಾರದು. ಬಲೆಯ ರಾಶಿಯ ಮೇಲೆ ಮಗುವನ್ನು ಮಲಗಿಸಬಾರದು.

4. ಅಡುಗೆಮನೆ: ತಾಮ್ರ, ಹಿತ್ತಾಳೆ ಪಾತ್ರೆಗಳ ಕಲಾಯಿಗೆ ಶುದ್ಧ ತವರ ಬೇಕು. ಅಗ್ಗವಾಗಲೆಂದು ತವರಕ್ಕೆ ಸೀಸ ಬೆರೆಸಿದರೆ ಹುಣಸೆ, ಪುನರ್ಪುಳಿಗಳ ಹುಳಿ ಅದನ್ನು ಸಾರಿಗೆ ಎಳೆಯುತ್ತದೆ. ‘ಈಯ’ ಎಂಬ ಒಂದೇ ಮಾತು ತವರಕ್ಕೂ ಸೀಸಕ್ಕೂ ಬಳಕೆಯಲ್ಲಿರುವುದರಿಂದ ಈಯದ ಪಾತ್ರೆ ಕೊಳ್ಳುವಾಗ ಎಚ್ಚರವಿರಲಿ. ಗುಜರಿ ಕರಗಿಸಿ ಎರಕ ಹೊಯ್ದ ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಸೀಸ ಇರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಬಣ್ಣದ ಹೊಳಪು ಬಿರುಕುಬಿಟ್ಟ ಪಿಂಗಾಣಿಯಲ್ಲಿ ಉಪ್ಪಿನಕಾಯಿ ಇಡಬೇಡಿ.

5. ಅರಿಸಿನ: ಅರಿಸಿನದ ಕೊಂಬಿಗೆ ಹೊಳಪು ಬರಲೆಂದು ಕೆಲವೆಡೆ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಸವರುತ್ತಾರೆ. ಅದು ಸೀಸದ ಲವಣ. ಭಾರತದಲ್ಲಿ ಅರಿಸಿನದ ಸೀಸಕ್ಕೆ ಮಿತಿ 10 ಪಿ.ಪಿ.ಎಂ. ದಕ್ಷಿಣ ಏಷ್ಯಾದ ಹಲವು ನಗರಗಳ ಅರಿಸಿನವನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಟ್ನಾದ ಕೆಲವು ಮಾದರಿಗಳು ಈ ಮಿತಿಯನ್ನು ನೂರು ಪಟ್ಟಿಗೂ ಹೆಚ್ಚು ಮೀರಿದ್ದವು. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸದ ಬೆರಕೆ ಸಿಕ್ಕಿತ್ತು. ಸರಕಾರ ತಪಾಸಣೆ, ದಂಡ, ಪ್ರಚಾರ ಮೂರನ್ನೂ ಒಟ್ಟಿಗೆ ಹಿಡಿದ ಫಲವಾಗಿ 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಮನಸ್ಸು ಮಾಡಿದರೆ ಎರಡೇ ವರ್ಷದ ಕೆಲಸ. ಅರಿಸಿನ ಬೆಳೆಯುವವರು ಬಣ್ಣ ಸವರುವ ಪಾಲಿಶ್‌ಗೆ ಒಪ್ಪಬಾರದು. ಕೊಳ್ಳುವವರು ಅತಿ ಹೊಳಪಿನ ಕೊಂಬನ್ನು ಬಿಟ್ಟು ಮಂಕಾದುದನ್ನೇ ಆರಿಸಬೇಕು. ಒಂದು ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ. ಕೂಡಲೇ ಹಳದಿ ಬಣ್ಣ ಬಿಟ್ಟರೆ ಅದನ್ನು ಬಳಸಬೇಡಿ.

6. ಕುಂಕುಮ, ಸುರ್ಮಾ, ಭಸ್ಮ: ಅರಿಸಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮದಲ್ಲಿ ಸೀಸವಿಲ್ಲ. ಕಿತ್ತಳೆಗೆಂಪಿನ ಅಗ್ಗದ ಸಿಂಧೂರದಲ್ಲಿ ಇರಬಹುದು. ಸುರ್ಮಾ ಕಲ್ಲು ಅನೇಕ ವೇಳೆ ಸೀಸದ ಅದಿರೇ ಆಗಿರುತ್ತದೆ. ಕೂಸಿನ ಕಣ್ಣಿಗೆ ಹಚ್ಚಬಾರದು. ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆಯ ಮಾತು ಬೇರೆ. ನಾಗಭಸ್ಮ ಎಂಬುದು ಸೀಸದ ಭಸ್ಮ. ಹೆಸರು ಗೊತ್ತಿಲ್ಲದ ಪುಡಿ, ಗುಳಿಗೆಗಳನ್ನು ಮಕ್ಕಳಿಗೂ ಬಸುರಿಯರಿಗೂ ಕೊಡಬೇಡಿ.

7. ಮಣ್ಣು: ಹಳೆಯ ಬಣ್ಣದ ಗೋಡೆಯ ಬುಡ, ಹಿಂದೆ ಬ್ಯಾಟರಿ ಒಡೆದ ಅಥವಾ ವಾಹನ ರಿಪೇರಿ ಮಾಡಿದ ಜಾಗ, 2000ಕ್ಕೆ ಮೊದಲೇ ವಾಹನ ಸಂಚಾರ ಹೆಚ್ಚಿದ್ದ ರಸ್ತೆಯ ಬದಿ ಇವು ಸಂಶಯದ ಸ್ಥಳಗಳು.

ಮಣ್ಣಿನ ಬಗ್ಗೆ ತಿಳಿಯಬೇಕಾದದ್ದು

ಇದು ನನ್ನ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಸೀಸವೆಲ್ಲ ತೊಳೆದುಹೋಗದೆ ಎಂದು ಕೇಳುವವರುಂಟು. ಸಾರಜನಕದಂತೆ ಸೀಸ ನೀರಿನೊಡನೆ ಕೆಳಗೆ ಇಳಿಯುವುದಿಲ್ಲ. ಮಣ್ಣಿನ ಜೇಡಿ, ಸಾವಯವ ಪದಾರ್ಥ, ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಂಡು ಮೇಲಿನ ಪದರದಲ್ಲೇ ದಶಕಗಟ್ಟಲೆ ಕೂರುತ್ತದೆ. ಮಳೆಗೆ ಮಣ್ಣು ಕೊಚ್ಚಿಹೋದರೆ ಮಾತ್ರ ಅದರೊಡನೆ ತಗ್ಗಿನ ಜಾಗಕ್ಕೆ ಸರಿಯುತ್ತದೆ.

ಆದ್ದರಿಂದ ಮಾದರಿ ತೆಗೆಯುವ ಕ್ರಮವೂ ಬೇರೆ. ಗೊಬ್ಬರದ ಶಿಫಾರಸಿಗೆ 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆಯುತ್ತೇವೆ. ಸೀಸಕ್ಕೆ ಮಗುವಿನ ಕೈ ತಾಗುವ ಮೇಲಿನ 2–3 ಸೆಂ.ಮೀ. ಮಾತ್ರ ತೆಗೆಯಬೇಕು. 15 ಸೆಂ.ಮೀ. ಮಣ್ಣನ್ನು ಕಲೆಸಿದರೆ ಸೀಸ ಐದಾರು ಪಟ್ಟು ತೆಳುವಾಗಿ ಅಪಾಯ ಮರೆಯಾಗುತ್ತದೆ. ಇನ್ನೊಂದು ಮಾತು. ಮಣ್ಣು ಆರೋಗ್ಯ ಚೀಟಿಯಲ್ಲಿರುವ 12 ಅಂಶಗಳಲ್ಲಿ ಸೀಸ ಸೇರಿಲ್ಲ. ‘ಮಣ್ಣು ಪರೀಕ್ಷೆ ಆಗಿದೆ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಭಾರಲೋಹಗಳನ್ನು ಅಳೆಯುವ ಪ್ರಯೋಗಶಾಲೆಗೆ ಬೇರೆಯಾಗಿ ಕಳುಹಿಸಬೇಕು.

ಸಹಜ ಮಣ್ಣಿನಲ್ಲಿ ಸಾಮಾನ್ಯವಾಗಿ 10ರಿಂದ 50 ಪಿ.ಪಿ.ಎಂ. ಸೀಸವಿರುತ್ತದೆ. ಮಕ್ಕಳು ಆಡುವ ಮಣ್ಣಿಗೆ ಅಮೆರಿಕದಲ್ಲಿ ಬಹುಕಾಲ ಇದ್ದ 400 ಪಿ.ಪಿ.ಎಂ. ಎಂಬ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ 200ಕ್ಕೆ ಇಳಿಸಲಾಯಿತು. 400 ಪಿ.ಪಿ.ಎಂ. ಮಣ್ಣನ್ನು ಕೈಗಂಟಿದ ಧೂಳಾಗಿ ದಿನಕ್ಕೆ 100 ಮಿ.ಗ್ರಾಂ ನುಂಗಿದರೆ ಒಳಹೋಗುವ ಸೀಸ 40 ಮೈಕ್ರೋಗ್ರಾಂ. ಮಣ್ಣು ತಿನ್ನುವ ಚಟದ ಮಗು 5 ಗ್ರಾಂ ತಿಂದರೆ 2,000 ಮೈಕ್ರೋಗ್ರಾಂ.

ಸಂಶಯದ ಮಣ್ಣಿನಲ್ಲಿ ಅನುಸರಿಸಬೇಕಾದ ಕ್ರಮಗಳು:

• ಬರಿ ನೆಲ ಬಿಡಬಾರದು. ಹುಲ್ಲು ಬೆಳೆಸಿ, ಇಲ್ಲವೇ ಬೇರೆಡೆಯ ಶುದ್ಧ ಮಣ್ಣನ್ನೋ ಜಲ್ಲಿಯನ್ನೋ ದಪ್ಪವಾಗಿ ಹರಡಿ.

• ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಹುಳಿ ಹೆಚ್ಚಿದಷ್ಟೂ ಸೀಸ ಸಡಿಲವಾಗುತ್ತದೆ. ಪರೀಕ್ಷೆಯ ಶಿಫಾರಸಿನಂತೆ ಸುಣ್ಣ ಹಾಕಿ ರಸಸಾರವನ್ನು 6.5ರ ಹತ್ತಿರ ತರಬೇಕು. ಕಾಂಪೋಸ್ಟನ್ನು ಧಾರಾಳವಾಗಿ ಸೇರಿಸಿ. ರಂಜಕ ಸೀಸವನ್ನು ಕರಗದ ರೂಪದಲ್ಲಿ ಕಟ್ಟಿಹಾಕುತ್ತದೆ. ಆದರೆ ಅದನ್ನೂ ಶಿಫಾರಸಿಗಿಂತ ಹೆಚ್ಚು ಹಾಕಬಾರದು.

• ತರಕಾರಿ ಮಡಿ ರಸ್ತೆಯಿಂದಲೂ ಹಳೆಯ ಗೋಡೆಯಿಂದಲೂ ದೂರವಿರಲಿ. ಬೆಂಡೆ, ಅಲಸಂದೆ, ತೊಂಡೆ, ಬದನೆಯಂಥ ಕಾಯಿಗಳಿಗೆ ಸೀಸ ಸೇರುವುದು ಬಹು ಕಡಿಮೆ. ಸೊಪ್ಪಿಗೆ ಮುಖ್ಯವಾಗಿ ಧೂಳಾಗಿ ಮೆತ್ತುತ್ತದೆ, ಗೆಡ್ಡೆಗೆ ಮಣ್ಣಾಗಿ ಅಂಟುತ್ತದೆ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು, ಗೆಡ್ಡೆಯ ಸಿಪ್ಪೆ ತೆಗೆದು ಬಳಸಿ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸೀಸವಿದೆಯೇ ಎಂದು ತೋಟಗಾರರು ಕೇಳುತ್ತಾರೆ. ಇಲ್ಲ. ಮೈಲುತುತ್ತು ತಾಮ್ರದ ಲವಣ. ಆದರೂ ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪತ್ತೆ ಮಾಡುವುದು ಹೇಗೆ?

ಈಗ ಆ ಮಗುವಿನ ಕತೆಗೆ ಬರೋಣ. ಎರಡನೆಯ ಬಾರಿ ಹೋದಾಗ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಜಗಲಿಯಲ್ಲಿ ಕುಳಿತು ಸಂಜೆಯವರೆಗೆ ಮಗುವನ್ನು ನೋಡಿದೆ. ಆರು ಗಂಟೆಗೆ ತಂದೆ ನಗರದ ಕೆಲಸದಿಂದ ಬಂದರು. ಮಗು ಓಡಿಹೋಗಿ ಅವರ ಕಾಲನ್ನು ತಬ್ಬಿತು. ಅವರು ಎತ್ತಿಕೊಂಡರು. ಮಗು ಅವರ ಅಂಗಿಯ ಕಾಲರನ್ನು ಬಾಯಿಗಿಟ್ಟು ಚೀಪತೊಡಗಿತು. ಆಮೇಲೆ ಅವರು ಆ ಅಂಗಿಯನ್ನು ಜಗಲಿಯ ಗೂಟಕ್ಕೆ ತೂಗುಹಾಕಿದರು. ಗೂಟದ ಕೆಳಗೇ ಮಗು ಮಧ್ಯಾಹ್ನ ಮಲಗುವ ಚಾಪೆ ಇತ್ತು. ಅವರ ಕೆಲಸವೇನೆಂದು ಕೇಳಿದೆ. ನಗರದ ಒಂದು ಅಂಗಡಿಯಲ್ಲಿ ಹಳೆಯ ಬ್ಯಾಟರಿ ಬಿಚ್ಚಿ ಫಲಕ ಬದಲಿಸುವುದು. ಮೊದಲ ಭೇಟಿಯಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಅಂದಿನಿಂದ ತಂದೆ ಬಚ್ಚಲಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಮುಟ್ಟತೊಡಗಿದರು. ಚಾಪೆ ಬದಲಾಯಿತು, ಜಗಲಿಯನ್ನು ನೀರಿನಿಂದ ಒರೆಸಿದರು. ಮುಂದಿನ ಪರೀಕ್ಷೆಯಲ್ಲಿ ಸೀಸ ಇಳಿಯತೊಡಗಿತ್ತು. ತಂದೆಯೂ ತನ್ನ ರಕ್ತವನ್ನು ಪರೀಕ್ಷೆ ಮಾಡಿಸಿಕೊಂಡರು. ಬಸಳೆಯ ಬಳ್ಳಿಯನ್ನು ಮರುವರ್ಷ ನಾನೇ ಕೊಂಡುಹೋಗಿ ನೆಟ್ಟು ಬಂದೆ.

ವಿಸ್ತರಣಾ ಕಾರ್ಯಕರ್ತರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಈ ಕ್ರಮವನ್ನು ಅನುಸರಿಸಬಹುದು.

1. ಕೆಲಸ ಕೇಳಿ. ಮನೆಯ ಪ್ರತಿಯೊಬ್ಬರೂ ಹೊರಗೆ ಏನು ಮಾಡುತ್ತಾರೆ? ಬ್ಯಾಟರಿ, ಬಣ್ಣ, ಬೆಸುಗೆ, ವಾಹನ ರಿಪೇರಿ, ಗುಜರಿ, ಚಿನ್ನ–ಬೆಳ್ಳಿ ಕರಗಿಸುವುದು, ದೋಣಿ ಕೆಲಸ? ಬಟ್ಟೆ ಎಲ್ಲಿ ಬಿಚ್ಚುತ್ತಾರೆ? ಮನೆಯಲ್ಲಿ ಏನನ್ನಾದರೂ ಕರಗಿಸುತ್ತಾರೆಯೇ?

2. ಕೈಯನ್ನು ಹಿಂಬಾಲಿಸಿ. ಒಂದು ದಿನ ಮಗು ಎಲ್ಲಿ ಕೂರುತ್ತದೆ, ಎಲ್ಲಿ ಮಲಗುತ್ತದೆ, ಏನನ್ನು ಬಾಯಿಗಿಡುತ್ತದೆ ಎಂದು ಬರೆದಿಡಿ. ಕಿಟಕಿಯ ಸರಳು, ಹಳೆಯ ಬಣ್ಣದ ಆಟಿಕೆ, ತಾಳಿ, ಬೀಗದ ಕೈಗೊಂಚಲು ಯಾವುದನ್ನೂ ಬಿಡಬೇಡಿ.

3. ತಟ್ಟೆಯನ್ನು ನೋಡಿ. ಅಡುಗೆ ಪಾತ್ರೆ, ಕಲಾಯಿ, ಅರಿಸಿನ, ಮನೆಮದ್ದು, ಕಣ್ಣಿಗೆ–ಹಣೆಗೆ ಹಚ್ಚುವುದು.

4. ಕಾಲವನ್ನು ಕೇಳಿ. ಮನೆ ಯಾವಾಗ ಕಟ್ಟಿದ್ದು? ಬಣ್ಣ ಕೆರೆದದ್ದು ಯಾವಾಗ? ಈ ಜಾಗದಲ್ಲಿ ಮೊದಲು ಏನಿತ್ತು?

5. ಮನೆಯ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲ್ಲರಲ್ಲೂ ಹೆಚ್ಚಿದ್ದರೆ ಅಡುಗೆ, ಬಟ್ಟೆ, ಮನೆಯ ಧೂಳನ್ನು ಶಂಕಿಸಿ. ಒಬ್ಬನಲ್ಲಿ ಮಾತ್ರ ಹೆಚ್ಚಿದ್ದರೆ ಅವನ ವಯಸ್ಸು, ಆಟದ ಜಾಗ, ಚಟವನ್ನು ನೋಡಿ.

ಮೂಲ ಒಂದೇ ಇರಬೇಕೆಂದಿಲ್ಲ. ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದು. ಮೂಲ ತೆಗೆದ ನಂತರ ವೈದ್ಯರು ಹೇಳಿದ ಅವಧಿಗೆ ಮತ್ತೆ ಪರೀಕ್ಷಿಸಿ, ಇಳಿದಿದ್ದರೆ ಮಾತ್ರ ಹುಡುಕಿದ್ದು ಸರಿಯೆಂದು ತಿಳಿಯಬೇಕು.

ಮನೆಯಲ್ಲಿ ಪಾಲಿಸಬೇಕಾದವು

• ಊಟಕ್ಕೆ ಮೊದಲು, ಆಟದ ನಂತರ, ಮಲಗುವ ಮುನ್ನ ಮಗುವಿನ ಕೈಯನ್ನು ಸಾಬೂನಿನಿಂದ ತೊಳೆಯಿರಿ.

• ಒಣ ಪೊರಕೆಯಿಂದ ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

• ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ, ಸುಡಬೇಡಿ. ನೀರು ಚಿಮುಕಿಸಿ ಕೆರೆಯಿರಿ. ಆ ದಿನಗಳಲ್ಲಿ ಮಕ್ಕಳೂ ಬಸುರಿಯರೂ ಬೇರೆಡೆ ಇರಲಿ.

• ಮಗುವನ್ನು ಹಸಿದ ಹೊಟ್ಟೆಯಲ್ಲಿ ಬಿಡಬೇಡಿ. ಖಾಲಿ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ. ಸುಣ್ಣದ ಅಂಶಕ್ಕೆ ರಾಗಿ, ಹಾಲು, ಮುಳ್ಳಿನೊಡನೆ ತಿನ್ನಬಹುದಾದ ಸಣ್ಣ ಮೀನು. ಕಬ್ಬಿಣಕ್ಕೆ ಕಾಳು, ಸೊಪ್ಪು, ಮಾಂಸ. ಜೊತೆಗೆ ನೆಲ್ಲಿ, ಪೇರಳೆ, ಲಿಂಬೆ ಕೊಡಿ.

• ಸಂಶಯವಿದ್ದರೆ ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ವಿಚಾರಿಸಿ. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಧೂಳು ಸೇರಿ ಲೆಕ್ಕ ತಪ್ಪಬಹುದು. ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದು ಖಚಿತಪಡಿಸಿಕೊಳ್ಳಬೇಕು. 45 ಮೈಕ್ರೋಗ್ರಾಂ ಮತ್ತು ಅದಕ್ಕೆ ಮೇಲ್ಪಟ್ಟರೆ ತಡಮಾಡದೆ ಆಸ್ಪತ್ರೆಯ ಚಿಕಿತ್ಸೆ ಕೊಡಿಸತಕ್ಕದ್ದು.

ರೈತ ಬಾಂಧವರೇ, ಎಲೆ ಹಳದಿಯಾದರೆ ನಾವು ಎಲೆಗೆ ಬಣ್ಣ ಬಳಿಯುವುದಿಲ್ಲ. ಬುಡ ಬಿಡಿಸಿ ನೋಡುತ್ತೇವೆ, ಬೇರು ನೋಡುತ್ತೇವೆ, ನೀರು ಎತ್ತಣಿಂದ ಬರುತ್ತದೆಂದು ನೋಡುತ್ತೇವೆ. ಮಗುವಿನ ವಿಷಯದಲ್ಲೂ ಅದೇ ಜಾಣ್ಮೆ ಸಾಕು. ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ಮಗು ಮೊದಲು ಏನನ್ನು ಮುಟ್ಟುತ್ತದೆ ಎಂದು ಗಮನಿಸಿ. ಹುಡುಕಾಟವನ್ನು ಅಲ್ಲಿಂದಲೇ ಪ್ರಾರಂಭಿಸಬಹುದು.